ಪ್ರಶ್ನಾರ್ಥಕ ಚಿಹ್ನೆಗೆ ಕೋಡ್ ಇಲ್ಲ

“ಮೇಡಂ, ಹೆಪಟೈಟಿಸ್ ಎಂದು ವೈದ್ಯರೇ ಬರೆದಿದ್ದಾರಲ್ಲ, ಮತ್ತೇಕೆ ಆ ಕಾಯಿಲೆಯ ಕೋಡ್ ಬೇಡ ಎನ್ನುತ್ತೀರಿ?” ಸಿರುಗುಪ್ಪದಿಂದ ತರಬೇತಿಗೆ ಬರುವ ಹುಡುಗಿ ಮೊನ್ನೆ ಕೇಳಿದಳು. ಬರೆದಿದ್ದರು, ನಿಜ. ಅದರ ಹಿಂದೆ ಒಂದು ಪ್ರಶ್ನಾರ್ಥಕ ಚಿಹ್ನೆಯೂ ಇತ್ತು. ನಮ್ಮ ಕಸುಬಿನ ಅರ್ಧ ಜಗಳ ಆ ಚಿಹ್ನೆಯದೇ.

ಬಳ್ಳಾರಿಯಲ್ಲಿ ಕುಳಿತು ಅಮೆರಿಕದ ಪ್ರಯೋಗಾಲಯಗಳ ಬಿಲ್ಲುಗಳಿಗೆ ಕೋಡ್ ಹಾಕುವುದು ನನ್ನ ಕೆಲಸ. ಪ್ರತಿ ಬಿಲ್ಲಿಗೂ ಎರಡು ಬಗೆಯ ಕೋಡ್ ಬೇಕು. ಯಾವ ಪರೀಕ್ಷೆ ಮಾಡಿದರು ಎಂಬುದಕ್ಕೆ ಸಿಪಿಟಿ, ಏಕೆ ಮಾಡಿದರು ಎಂಬುದಕ್ಕೆ ಐಸಿಡಿ-10. ನಮ್ಮೂರಿನ ಲ್ಯಾಬುಗಳಲ್ಲಿ ಇಂದಿಗೂ ಎಸ್‌ಜಿಪಿಟಿ ಎನ್ನುವ ಲಿವರ್ ಕಿಣ್ವವನ್ನು ಅವರು ಎಎಲ್‌ಟಿ ಎನ್ನುತ್ತಾರೆ. ಅದರ ಕೋಡ್ 84460. ಎಸ್‌ಜಿಒಟಿ ಅವರಿಗೆ ಎಎಸ್‌ಟಿ, ಕೋಡ್ 84450.

ಈ ಎರಡರ ಜೊತೆಗೆ ಆಲ್ಕಲೈನ್ ಫಾಸ್ಫಟೇಸ್, ಒಟ್ಟು ಮತ್ತು ಡೈರೆಕ್ಟ್ ಬಿಲಿರುಬಿನ್, ಅಲ್ಬುಮಿನ್, ಒಟ್ಟು ಪ್ರೋಟೀನ್ ಸೇರಿ ಏಳೂ ಆದರೆ ಅದು ಪ್ಯಾನೆಲ್, 80076. ಖಾನಾವಳಿಯ ಊಟವನ್ನು ನೆನೆಯಿರಿ. ಊಟ ಎಂದು ಹೇಳಿದ ಮೇಲೆ ರೊಟ್ಟಿಗೆ ಬೇರೆ, ಪಲ್ಯಕ್ಕೆ ಬೇರೆ, ಶೇಂಗಾ ಚಟ್ನಿಗೆ ಬೇರೆ ಎಂದು ದುಡ್ಡು ಕೇಳಿದರೆ ಯಾರಾದರೂ ಸುಮ್ಮನಿರುತ್ತಾರೆಯೇ? ಪ್ಯಾನೆಲ್ ಅನ್ನು ಒಡೆದು ಒಂದೊಂದಕ್ಕೂ ಬಿಲ್ ಮಾಡುವುದು ಅಂಥದ್ದೇ ತಪ್ಪು. ಆದರೆ ಏಳರಲ್ಲಿ ಒಂದು ಪರೀಕ್ಷೆ ಆಗಿರದಿದ್ದರೂ ಪ್ಯಾನೆಲ್ ಕೋಡ್ ಹಾಕುವಂತಿಲ್ಲ. ಆಗ ಬಿಡಿಬಿಡಿಯಾಗಿಯೇ ತೋರಿಸಬೇಕು. ಹದಿನಾಲ್ಕು ಪರೀಕ್ಷೆಗಳ ದೊಡ್ಡ ಪ್ಯಾನೆಲ್ 80053ರಲ್ಲಿ ಡೈರೆಕ್ಟ್ ಬಿಲಿರುಬಿನ್ ಒಂದನ್ನು ಬಿಟ್ಟು ಈ ಲಿವರ್ ಪಟ್ಟಿಯೆಲ್ಲ ಅಡಗಿದೆ. ಎರಡು ಪ್ಯಾನೆಲ್‌ಗಳೂ ಒಟ್ಟಿಗೆ ಬಂದರೆ 80053 ಹಾಕಿ, ಪಕ್ಕದಲ್ಲಿ ಡೈರೆಕ್ಟ್ ಬಿಲಿರುಬಿನ್‌ನ ಕೋಡ್ 82248 ಸೇರಿಸಿದರೆ ಮುಗಿಯಿತು.

ಇದೆಲ್ಲ ಲೆಕ್ಕ; ವಾರದಲ್ಲಿ ಕೈಗೆ ಬರುತ್ತದೆ. ‘ಏಕೆ’ ಎಂಬುದು ಹಾಗಲ್ಲ. ಹೊರರೋಗಿಯ ವಿಷಯದಲ್ಲಿ ಶಂಕೆ, ಸಂಭವ, ‘ಇರಬಹುದು’ ಎಂದು ಬರೆದ ಕಾಯಿಲೆಗೆ ಕೋಡ್ ಹಾಕಬಾರದು ಎಂಬುದು ಅಮೆರಿಕದ ನಿಯಮ. ವೈದ್ಯರಿಗೆ ಖಚಿತವಾಗಿ ಗೊತ್ತಿರುವುದಕ್ಕೆ ಮಾತ್ರ ಹಾಕಬೇಕು. ಹೆಪಟೈಟಿಸ್ ಇದೆಯೋ ಇಲ್ಲವೋ ತಿಳಿಯದು, ಆದರೆ ಹಿಂದಿನ ವರದಿಯಲ್ಲಿ ಕಿಣ್ವ ಏರಿದೆ ಎಂದು ಅವರೇ ಬರೆದಿದ್ದಾರೆ; ಹಾಗಾದರೆ ಆರ್74.01. ದೀರ್ಘಕಾಲ ಕೊಲೆಸ್ಟ್ರಾಲ್ ಮಾತ್ರೆ ನುಂಗುವವರ ಲಿವರ್ ನೋಡಲು ಬರೆದಿದ್ದರೆ ಝಡ್79.899. ಅದೇ ರೋಗಿ ಆಸ್ಪತ್ರೆಯಲ್ಲಿ ದಾಖಲಾಗಿದ್ದು, ಬಿಡುಗಡೆಯ ಹೊತ್ತಿಗೂ ‘ಬಹುಶಃ ಹೆಪಟೈಟಿಸ್’ ಎಂದೇ ಉಳಿದರೆ, ಆಸ್ಪತ್ರೆಯ ಬಿಲ್ಲಿನಲ್ಲಿ ಅದು ಕಾಯಿಲೆಯಾಗಿಯೇ ಹೋಗುತ್ತದೆ. ವಿಚಿತ್ರ ಎನಿಸಬಹುದು, ನನಗೂ ಎನಿಸುತ್ತದೆ.

ನನ್ನ ಮೊದಲ ವರ್ಷದಲ್ಲಿ ಒಬ್ಬ ಹೆಂಗಸಿನ ಬಿಲ್ಲಿನಲ್ಲಿ ಆ ಚಿಹ್ನೆಯನ್ನು ನಾನೂ ನುಂಗಿ, ಕಾಯಿಲೆಯ ಕೋಡನ್ನೇ ಹಾಕಿದ್ದೆ. ಕ್ಲೇಮ್ ಮಂಜೂರಾಯಿತು, ಯಾರೂ ಕೇಳಲಿಲ್ಲ. ತಿಂಗಳುಗಳ ನಂತರ ಲೆಕ್ಕಪರಿಶೋಧನೆಯಲ್ಲಿ ಸಿಕ್ಕಿಬಿದ್ದಾಗ ತಿಳಿದದ್ದು, ಆ ಹೆಂಗಸಿನ ವಿಮೆಯ ದಾಖಲೆಯಲ್ಲಿ ಅಷ್ಟು ದಿನ ಇಲ್ಲದ ಕಾಯಿಲೆಯೊಂದು ಕುಳಿತಿತ್ತು. ತಿರಸ್ಕೃತವಾದ ಬಿಲ್ಲಿಗಿಂತ ಹೀಗೆ ಮಂಜೂರಾದ ಬಿಲ್ಲಿಗೇ ನಾನು ಹೆದರುವುದು ಅಂದಿನಿಂದ.

ಇನ್ನೊಂದು ಸಣ್ಣ ವಿಷಯ. 2020ರ ಅಕ್ಟೋಬರ್ 1ರಿಂದ ಆರ್74.0 ಒಂದೇ ಸಾಲದು, ಐದನೆಯ ಅಂಕಿ ಬೇಕೇಬೇಕು. ಹಳೆಯ ಪಟ್ಟಿಯನ್ನು ಗೋಡೆಗೆ ಅಂಟಿಸಿಕೊಂಡವರು ಕಿತ್ತುಹಾಕಿ.

ನಮ್ಮೂರಿನ ಲ್ಯಾಬ್ ರಸೀದಿಗಳಲ್ಲಿ ಸಿಪಿಟಿ ಇರುವುದಿಲ್ಲ, ಆದರೂ ಖಾನಾವಳಿಯ ನ್ಯಾಯ ಇಲ್ಲಿಗೂ ಸಲ್ಲುತ್ತದೆ. ಪಕ್ಕದ ಮನೆಯ ಹಿರಿಯರು ಕಳೆದ ವಾರ ರಸೀದಿ ತಂದು, “ನೋಡಮ್ಮಾ, ಇದರಲ್ಲೇನಾದರೂ ಹೆಚ್ಚುಕಡಿಮೆ ಇದೆಯೇ?” ಎಂದರು. ಎಲ್‌ಎಫ್‌ಟಿ, ಅಂದರೆ ಲಿವರ್ ಪರೀಕ್ಷೆಗಳ ಪ್ಯಾನೆಲ್, ಎಂದು ಒಂದು ಸಾಲು, ಅದರ ಕೆಳಗೆ ಎಸ್‌ಜಿಪಿಟಿ ಎಂದು ಮತ್ತೊಂದು. ರಕ್ತ ತೆಗೆದದ್ದು ಒಮ್ಮೆ, ಎಸ್‌ಜಿಪಿಟಿಯ ಫಲಿತಾಂಶವೂ ಒಂದೇ. ಕೌಂಟರಿನ ಹುಡುಗ ಕಂಪ್ಯೂಟರನ್ನು ದೂರಿದ, ಆಮೇಲೆ ಆ ಸಾಲಿನ ಮೇಲೆ ಪೆನ್ನಿನಿಂದ ಗೀಟು ಹಾಕಿ ದುಡ್ಡು ವಾಪಸು ಕೊಟ್ಟನಂತೆ. ಗೀಟು ಬೇಡ, ಹೊಸ ರಸೀದಿಯೇ ಬೇಕು ಎಂದು ಹಿರಿಯರು ಅಲ್ಲಿಯೇ ಬೆಂಚಿನ ಮೇಲೆ ಕುಳಿತುಬಿಟ್ಟರಂತೆ.