ಹದಿನಾರು ಅಡಿ ದೋಣಿಗೆ ಆರು ಗಾಳ

ಮಿಷಿಗನ್ ರಾಜ್ಯದಲ್ಲಿ ಒಬ್ಬರು ಏಕಕಾಲಕ್ಕೆ ಮೂರು ಗಾಳ ಬಿಡಬಹುದು, ಇಬ್ಬರಿದ್ದರೆ ಆರು. ಅಲ್ಲಿನ ಹ್ಯೂರಾನ್ ಸರೋವರದ ಸ್ಯಾಗಿನಾ ಕೊಲ್ಲಿಯ ವಾಲೈ ಮೀನಿನ ಆಸೆಗೆ ಹಳೆಯ ಅಲ್ಯೂಮಿನಿಯಂ ದೋಣಿ ಕೊಂಡು ನನ್ನ ಶೆಡ್ಡಿಗೆ ತರುವ ಎಲ್ಲರ ತಲೆಯಲ್ಲೂ ಈ ಆರರ ಲೆಕ್ಕವೇ ಓಡುತ್ತಿರುತ್ತದೆ. ಅವರಲ್ಲಿ ಡೆಟ್ರಾಯಿಟ್ ಸುತ್ತಮುತ್ತ ಕಾರು ಕಂಪನಿಗಳಲ್ಲಿ ದುಡಿಯುವ ಕನ್ನಡಿಗರೂ ಇದ್ದಾರೆ. ಬಂದವರ ಮೊದಲ ಪ್ರಶ್ನೆ, ಗಾಳದ ಕೋಲು ನಿಲ್ಲಿಸುವ ರಾಡ್ ಹೋಲ್ಡರ್ ಎಲ್ಲಿ ಕೂರಿಸುತ್ತೀರಿ ಎಂಬುದು. ಮೀನನ್ನು ಯಾವ ಮೂಲೆಯಿಂದ ಒಳಗೆ ತೆಗೆದುಕೊಳ್ಳುತ್ತೀರಿ ಎಂದು ನಾನು ತಿರುಗಿ ಕೇಳುತ್ತೇನೆ. ಅದು ತೀರ್ಮಾನವಾಗುವವರೆಗೆ ಡ್ರಿಲ್ ಮುಟ್ಟುವುದಿಲ್ಲ.

ನಿಧಾನವಾಗಿ ಸಾಗುವ ದೋಣಿಯ ಹಿಂದೆ ಹಲವು ಗಾಳಗಳನ್ನು ಎಳೆದುಕೊಂಡು ಹೋಗುವುದೇ ಟ್ರೋಲಿಂಗ್. ಮಲ್ಪೆಯ ಟ್ರಾಲ್ ಬಲೆಗೂ ಇದಕ್ಕೂ ನಂಟಿಲ್ಲ. ದಾರಗಳು ಒಂದಕ್ಕೊಂದು ಸುತ್ತಿಕೊಳ್ಳದಂತೆ ಪಕ್ಕಕ್ಕೆ ಹರಡಲು ಪ್ಲೇನರ್ ಬೋರ್ಡ್ ಎಂಬ ಅಂಗೈ ಅಗಲದ ತೇಲುಹಲಗೆಯನ್ನು ದಾರಕ್ಕೆ ಕಚ್ಚಿಸುತ್ತಾರೆ. ನೀರಿನ ಒತ್ತಡಕ್ಕೆ ಅದು ದೋಣಿಯಿಂದ ದೂರ ದೂರ ಸರಿಯುತ್ತದೆ. ಹೀಗೆ ಎಡಕ್ಕೆ ಮೂರು, ಬಲಕ್ಕೆ ಮೂರು. ಬಿಡುವುದು ಸುಲಭ. ಕಷ್ಟವೆಲ್ಲ ಇರುವುದು ಮೀನು ಕಚ್ಚಿದ ಮೇಲೆ.

ಅತ್ಯಂತ ಹೊರಗಿನ ಗಾಳಕ್ಕೆ ಮೀನು ಬಿತ್ತೆನ್ನಿ. ಆ ಬೋರ್ಡ್ ಸಾಲಿನಿಂದ ಕಳಚಿಕೊಂಡಂತೆ ಹಿಂದೆ ಬೀಳುತ್ತದೆ. ಗಾಬರಿಯಲ್ಲಿ ಎಂಜಿನ್ ನಿಲ್ಲಿಸಿದರೆ ಉಳಿದ ಐದೂ ದಾರಗಳು ಸಡಿಲಗೊಂಡು ಗಂಟಾಗುತ್ತವೆ. ದೋಣಿ ಸಾಗುತ್ತಲೇ ಇರಬೇಕು. ಕೋಲನ್ನು ಹೋಲ್ಡರಿನಿಂದ ಎತ್ತಿ, ಉಳಿದ ಕೋಲುಗಳ ಮೇಲಿನಿಂದ ದಾಟಿಸಿ, ಹಿಂಬದಿಯ ಮೂಲೆಗೆ ನಡೆದು ಬರಬೇಕು. ಬೋರ್ಡ್ ಹತ್ತಿರವಾದಾಗ ಜೊತೆಗಾರ ಬಗ್ಗಿ ಅದನ್ನು ಬಿಡಿಸಿ ಕಾಲ ಬುಡದಲ್ಲಿಟ್ಟು ಬಲೆ ಹಿಡಿಯಬೇಕು. ಹದಿನಾರು ಅಡಿ ದೋಣಿಯಲ್ಲಿ ಇಬ್ಬರು ನಿಂತು ತಿರುಗುವ ಜಾಗವೆಂದರೆ ಅದೊಂದೇ ಮೂಲೆ. ಐಸ್ ಪೆಟ್ಟಿಗೆ, ಪೆಟ್ರೋಲ್ ಟ್ಯಾಂಕ್, ಊಟದ ಚೀಲ ಯಾವುದೂ ಅಲ್ಲಿರಕೂಡದು. ಆ ಮೂಲೆ ಎಂಜಿನ್ನಿನ ಪ್ರೊಪೆಲ್ಲರಿಗೆ ದೂರವಿದ್ದಷ್ಟೂ ಒಳ್ಳೆಯದು.

ಇಷ್ಟು ಗೊತ್ತಾದರೆ ಹೋಲ್ಡರುಗಳ ಜಾಗ ತಾನಾಗಿ ಹೊಳೆಯುತ್ತದೆ. ಹೊರಗಿನ ಬೋರ್ಡಿನ ಕೋಲು ಎಲ್ಲಕ್ಕಿಂತ ಮುಂದೆ, ಒಳಗಿನದು ಹಿಂದೆ. ಹೀಗಿದ್ದರೆ ದಾರಗಳು ಅಡ್ಡ ಹಾಯುವುದಿಲ್ಲ. ಆಳಕ್ಕಿಳಿಯುವ ಗಾಳಗಳನ್ನು ದೋಣಿಯ ಹತ್ತಿರ, ಮೇಲ್ಮಟ್ಟದವನ್ನು ಹೊರಗೆ ಬಿಟ್ಟರೆ ಹೊರಗಿನ ಮೀನು ಹಿಂದೆ ಸರಿಯುವಾಗ ಉಳಿದ ದಾರಗಳ ಮೇಲಿನಿಂದ ದಾಟುತ್ತದೆ. ಗಾಳಗಳ ಆಳದಲ್ಲಿ ಹೆಚ್ಚು ವ್ಯತ್ಯಾಸವಿಲ್ಲದಿದ್ದರೆ, ಮೀನು ಬಂದ ಮೇಲೆ ಒಳಗಿನೆರಡನ್ನು ಒಂದೊಂದು ಸ್ಥಾನ ಹೊರಕ್ಕೆ ತಳ್ಳಿ, ಖಾಲಿಯಾದ ಕೋಲನ್ನು ಒಳಸ್ಥಾನದಲ್ಲಿ ಬಿಡಿ. ಹೊಸಬರು ಬದಿಗೆ ಎರಡರಂತೆ ನಾಲ್ಕೇ ಬಿಡಲಿ ಎಂಬುದು ನನ್ನ ಹಟ. ಆರು ಬಿಟ್ಟು ಅರ್ಧ ದಿನ ಗಂಟು ಬಿಡಿಸುವವರಿಗಿಂತ ನಾಲ್ಕನ್ನು ಸದಾ ನೀರಿನಲ್ಲಿ ಇಟ್ಟವರ ಪೆಟ್ಟಿಗೆಯೇ ತುಂಬುತ್ತದೆ.

ಇನ್ನು ಲೋಹದ ಕೆಲಸ. ಇಂಥ ದೋಣಿಗಳ ತಗಡು ಸುಮಾರು 2 ಮಿಲಿಮೀಟರ್ ದಪ್ಪ. ಹೋಲ್ಡರನ್ನು ಅಂಚಿಗೆ ನೇರವಾಗಿ ಸ್ಕ್ರೂ ಹೊಡೆದು ಕೂರಿಸಿದರೆ ಎಂಟೂವರೆ ಅಡಿ ಕೋಲಿನ ಸನ್ನೆಬಲಕ್ಕೆ ಅಂಚು ಡಬ್ಬದ ಮುಚ್ಚಳದಂತೆ ಬಾಗುತ್ತದೆ, ರಿವೆಟ್ಟುಗಳು ಸಡಿಲಗೊಳ್ಳುತ್ತವೆ. ಮೂರು ನಾಲ್ಕು ಅಡಿ ಉದ್ದದ ಅಲ್ಯೂಮಿನಿಯಂ ಟ್ರ್ಯಾಕ್ ಹಾಕಿ, ಅಂಚಿನ ಕೆಳಗೆ ಆಧಾರಪಟ್ಟಿ ಕೊಟ್ಟು ಬೋಲ್ಟ್ ಬಿಗಿದರೆ ಭಾರ ಹಂಚಿಹೋಗುತ್ತದೆ. ಹೋಲ್ಡರನ್ನು ಬೇಕಾದಲ್ಲಿಗೆ ಜಾರಿಸಲೂಬಹುದು. ಬೋಲ್ಟ್ ಸ್ಟೇನ್‌ಲೆಸ್ ಸ್ಟೀಲಿನದಾಗಿರಲಿ, ಎರಡು ಲೋಹಗಳ ನಡುವೆ ತುಕ್ಕುನಿರೋಧಕ ಪೇಸ್ಟ್ ಇರಲಿ. ಕೊರೆಯುವ ಮೊದಲು ಕೆಳಗೆ ಕೈಯಾಡಿಸಿ ನೋಡಿ; ವೈರು, ಪೆಟ್ರೋಲ್ ಕೊಳವೆ ಹಾದುಹೋಗಿರುತ್ತವೆ. ಸೀಟಿನ ಕೆಳಗಿನ ಫೋಮ್ ಕಿತ್ತು ಸಾಮಾನಿಗೆ ಜಾಗ ಮಾಡಿಕೊಳ್ಳುವವರಿದ್ದಾರೆ. ನೀರು ತುಂಬಿದಾಗ ದೋಣಿಯನ್ನು ತೇಲಿಸುವುದೇ ಆ ಫೋಮ್.

ನೆಲಕ್ಕೆ ಪ್ಲೈವುಡ್ ಹಾಕುವವರಿಗೆ ಒಂದು ಮಾತು. ಗೆದ್ದಲು, ಕೊಳೆತ ತಡೆಯಲು ರಾಸಾಯನಿಕ ಹಾಯಿಸಿದ ಮರದಲ್ಲಿ ತಾಮ್ರವಿರುತ್ತದೆ. ಒದ್ದೆಯಾದಾಗ ಅದು ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಹಳೆಯ ದೋಣಿಯೊಂದರ ನೆಲ ಎತ್ತಿದಾಗ ಪ್ಲೈವುಡ್ ತಾಗಿದ್ದ ಉದ್ದಕ್ಕೂ ಬಿಳಿ ಪುಡಿ, ಪುಡಿ ಕೆರೆದರೆ ಕೆಳಗೆ ಸೂಜಿಮೊನೆಯ ತೂತುಗಳು. ಸಾಮಾನ್ಯ ಮೆರೈನ್ ಪ್ಲೈವುಡ್ಡಿಗೆ ಎಪಾಕ್ಸಿ ಬಳಿದು ಹಾಕಿ. ತಾಮ್ರದ ನಾಣ್ಯ ಬಿದ್ದರೂ ಹುಡುಕಿ ತೆಗೆಯಿರಿ.

ಭಾರದ ಲೆಕ್ಕಕ್ಕೆ ಹಿಂಬದಿಯ ತಗಡುಫಲಕವನ್ನು ಓದಿದರೆ ಸಾಕೆಂದು ಬಹಳ ಜನ ತಿಳಿದಿದ್ದಾರೆ. ಫಲಕ ದೋಣಿ ಹೊರಬಹುದಾದ ಒಟ್ಟು ಭಾರವನ್ನು ಹೇಳುತ್ತದೆ, ಅದು ಎಲ್ಲಿ ಕೂತಿದೆ ಎಂಬುದನ್ನಲ್ಲ. ಟ್ರೋಲಿಂಗಿಗೆಂದೇ ಎರಡನೆಯದಾಗಿ ಹಾಕುವ 9.9 ಅಶ್ವಶಕ್ತಿಯ ಎಂಜಿನ್ ಸುಮಾರು 40 ಕೆಜಿ, ಸೀಸದ ದೊಡ್ಡ ಬ್ಯಾಟರಿ ಸುಮಾರು 25 ಕೆಜಿ. ಮುಖ್ಯ ಎಂಜಿನ್, ಟ್ಯಾಂಕ್, ಚುಕ್ಕಾಣಿ ಹಿಡಿದವರು ಮೊದಲೇ ಹಿಂದೆ ಇದ್ದಾರೆ. ಸ್ಯಾಗಿನಾ ಕೊಲ್ಲಿಯ ಒಳಭಾಗ ಆಳವಿಲ್ಲದ್ದು. ಈಶಾನ್ಯದ ಗಾಳಿ ಹ್ಯೂರಾನ್ ಸರೋವರವನ್ನು ಅಡ್ಡ ಹಾಯ್ದು ನುಗ್ಗಿದಾಗ ಅಲೆಗಳು ಗಿಡ್ಡವಾಗಿ, ಕಡಿದಾಗಿ, ಒಂದರ ಬೆನ್ನಿಗೊಂದು ಬರುತ್ತವೆ. ಹಿಂಬದಿ ತಗ್ಗಿದ ದೋಣಿ ಆಗ ಹಿಂದಿನಿಂದಲೇ ನೀರು ಕುಡಿಯುತ್ತದೆ. ಬ್ಯಾಟರಿಯನ್ನು ಮೂತಿಯ ಕಡೆಗೆ ಸರಿಸಿ. 25 ಅಶ್ವಶಕ್ತಿಯ ಒಂದೇ ಎಂಜಿನ್ನಿದ್ದವರು ಎರಡನೆಯದನ್ನು ಕೊಳ್ಳುವ ಮೊದಲು ದೋಣಿಯ ವೇಗ ತಗ್ಗಿಸಲು ನೀರಿನಲ್ಲಿ ಎಳೆಯುವ ಬಟ್ಟೆಚೀಲಗಳನ್ನು ಬದಿಗೊಂದರಂತೆ ಕಟ್ಟಿ ನೋಡಲಿ. ಹುಳು ಸಿಕ್ಕಿಸಿದ ಗಾಳಕ್ಕೆ ಗಂಟೆಗೆ ಒಂದರಿಂದ ಒಂದೂವರೆ ಮೈಲಿ, ಕೃತಕ ಮೀನಿಗೆ ಎರಡರ ಆಸುಪಾಸು ವೇಗ ಸಾಕು; ಎಷ್ಟೋ ಸಲ ಚೀಲವೇ ಆ ಕೆಲಸ ಮಾಡಿಕೊಡುತ್ತದೆ. ಅದರ ಹಗ್ಗ ಪ್ರೊಪೆಲ್ಲರ್ ಮುಟ್ಟದಷ್ಟು ಗಿಡ್ಡವಿರಬೇಕು.

ವೇಗ ಸರಿಯಿದೆಯೇ ಎಂದು ತಿಳಿಯಲು ಒಂದು ಉಪಾಯ. ದೋಣಿಯನ್ನು ಅಗಲವಾಗಿ ತಿರುಗಿಸಿ. ಹೊರಸುತ್ತಿನ ಗಾಳಗಳು ವೇಗ ಪಡೆಯುತ್ತವೆ, ಒಳಸುತ್ತಿನವು ನಿಧಾನವಾಗುತ್ತವೆ. ಯಾವ ಬದಿಗೆ ಮೀನು ಬಿತ್ತೋ ಅದರಂತೆ ನೇರ ಸಾಗುವಾಗ ವೇಗ ಏರಿಸಿ ಅಥವಾ ಇಳಿಸಿ.

ವೈರಿಂಗ್ ಬಗ್ಗೆ ಎರಡೇ ಮಾತು: ಬ್ಯಾಟರಿಯಿಂದ 7 ಇಂಚಿನೊಳಗೆ ಫ್ಯೂಸ್ ಇರಲಿ, ದೋಣಿಯ ಒಡಲನ್ನು ಅರ್ಥಿಂಗಿಗೆ ಬಳಸಬೇಡಿ. ಮೀನುಶೋಧಕದ ಸಂವೇದಕಕ್ಕಾಗಿ ಹಿಂಬದಿಗೆ ಪದೇ ಪದೇ ತೂತು ಕೊರೆಯುವ ಬದಲು ಒಮ್ಮೆ ಪ್ಲಾಸ್ಟಿಕ್ ಹಲಗೆ ಕೂರಿಸಿ ಅದಕ್ಕೆ ಸ್ಕ್ರೂ ಹಾಕಿ.

ಎಲ್ಲ ಮುಗಿದ ಮೇಲೆ ದೋಣಿಯನ್ನು ಟ್ರೇಲರಿನ ಮೇಲೆಯೇ ನಿಲ್ಲಿಸಿ, ಇಬ್ಬರೂ ಹತ್ತಿ, ಗಾಳವಿಲ್ಲದ ಕೋಲುಗಳನ್ನು ಎತ್ತಿ ದಾಟಿಸಿ ಅಭ್ಯಾಸ ಮಾಡಿ. ಎಲ್ಲಿ ಮೊಣಕಾಲು ತಗಲುತ್ತದೆ, ಯಾವ ಹೋಲ್ಡರ್ ಅಡ್ಡ ಬರುತ್ತದೆ ಎಂಬುದು ಅಲ್ಲೇ ಗೊತ್ತಾಗುತ್ತದೆ. ಟ್ರ್ಯಾಕಿನ ತಿರುಪು ಸಡಿಲಿಸಿ ಒಂದು ಗೇಣು ಸರಿಸಿದರೆ ಮುಗಿಯಿತು. 2019ರಿಂದ ಮಿಷಿಗನ್‌ನಲ್ಲಿ ದೋಣಿಯನ್ನು ರಸ್ತೆಗೆ ತರುವ ಮೊದಲು ತಳದ ಪ್ಲಗ್ ತೆಗೆದು ನೀರು ಹರಿಸುವುದು ಕಡ್ಡಾಯ. ತೆಗೆದ ಪ್ಲಗ್ಗನ್ನು ದೋಣಿಯ ಕೀಲಿಗೇ ಕಟ್ಟಿಡಿ.