ರೀಬಿಲ್ಡ್ ಆದ ಯೆಜ್ಡಿ ಮನೆ ಮುಂದೆ ಸೂಪರ್, ರೋಡಲ್ಲಿ ಯಾಕೆ ನಿಂತೋಗತ್ತೆ?

ಪ್ರಶ್ನೆ: ಅಪ್ಪನ ಕಾಲದ ಯೆಜ್ಡಿ ಬೈಕ್, ಸಿಲಿಂಡರ್ ಬೋರ್ ಮಾಡ್ಸಿ ಹೊಸ ಪಿಸ್ಟನ್ ಹಾಕ್ಸಿದೀನಿ. ಒಂದೇ ಕಿಕ್‌ಗೆ ಸ್ಟಾರ್ಟು, ಐಡ್ಲಿಂಗೂ ಚೆನ್ನಾಗಿದೆ. ಆದ್ರೆ ನಾಲ್ಕೈದು ಕಿಲೋಮೀಟರ್ ಹೋದ್ರೆ ನಿಂತೋಗತ್ತೆ, ಸ್ವಲ್ಪ ಹೊತ್ತು ಬಿಟ್ರೆ ಮತ್ತೆ ಸ್ಟಾರ್ಟ್ ಆಗತ್ತೆ. ಕಾರ್ಬ್ಯುರೇಟರ್ ಟ್ಯೂನ್ ಮಾಡ್ಬೇಕಾ?

ಈಗ್ಲೇ ಕಾರ್ಬ್ಯುರೇಟರ್ ಮುಟ್ಬೇಡಿ. ಗಾಡಿ ಹೇಗೆ ನಿಲ್ಲತ್ತೆ ಅನ್ನೋದನ್ನ ಮೊದ್ಲು ಗಮನಿಸಿ, ಅರ್ಧ ಉತ್ತರ ಅಲ್ಲೇ ಇದೆ.

ನಿಧಾನಕ್ಕೆ ಪವರ್ ಕಮ್ಮಿಯಾಗಿ, ಕೆಮ್ಮಿ ಕೆಮ್ಮಿ ನಿಂತ್ರೆ ಪೆಟ್ರೋಲ್ ಬರ್ತಿಲ್ಲ ಅಂತ. ನನ್ ಗಾಡಿಗೂ ಹಿಂಗೇ ಆಗಿತ್ತು, ಕಾರ್ಬ್ಯುರೇಟರಲ್ಲಿ ಪೆಟ್ರೋಲ್ ಹಾಯೋ ಸಣ್ಣ ತೂತಿನ ಜೆಟ್ಟೆಲ್ಲ ಬಿಚ್ಚಿ ಕ್ಲೀನ್ ಮಾಡ್ದೆ, ಏನೂ ಆಗ್ಲಿಲ್ಲ, ಒಂದಿನ ರೋಡ್ ಪಕ್ಕ ನಿಂತು ಟ್ಯಾಂಕ್ ಕ್ಯಾಪ್ ತಿರುಗಿಸಿದ್ರೆ ಸುಯ್ ಅಂತ ಗಾಳಿ ಒಳಗೆ ಹೋಯ್ತು, ನೋಡಿದ್ರೆ ಕ್ಯಾಪ್‌ನಲ್ಲಿರೋ ಗಾಳಿ ತೂತು ಹೊಸ ಪೇಂಟಲ್ಲಿ ಮುಚ್ಚೋಗಿತ್ತು. ಒಂದು ಸೂಜಿ ಸಾಕಾಯ್ತು. ತೂತು ಸರಿ ಇದ್ರೆ ಪೆಟ್ರೋಲ್ ಟ್ಯಾಪ್ ಬಿಚ್ಚಿ ನೋಡಿ, ಹಳೇ ಟ್ಯಾಂಕಿನ ತುಕ್ಕು ಫಿಲ್ಟರಲ್ಲಿ ಕೂತಿರತ್ತೆ.

ಸ್ವಿಚ್ ಆಫ್ ಮಾಡ್ದಂಗೆ ಪಟ್ ಅಂತ ನಿಂತು, ತಣ್ಣಗಾದ್ಮೇಲೆ ಸ್ಟಾರ್ಟ್ ಆದ್ರೆ ಸ್ಪಾರ್ಕ್ ಕೊಡೋ ಕಂಡೆನ್ಸರ್ ಅಥವಾ ಕಾಯಿಲ್ ಬಿಸಿಗೆ ಕೈ ಕೊಡ್ತಿದೆ. ಇಗ್ನಿಷನ್ ಪಾಯಿಂಟ್ ತೆರೆದಾಗ ಅದರ ಗ್ಯಾಪ್ 0.4 ಮಿ.ಮೀ. ಇದೆಯಾ ಅಂತಾನೂ ನೋಡ್ಕೊಳ್ಳಿ.

ಮೂರನೇದು ಸೀಜ್, ಅಂದ್ರೆ ಪಿಸ್ಟನ್ ಬಿಸಿಗೆ ಉಬ್ಬಿ ಸಿಲಿಂಡರಲ್ಲಿ ಕಚ್ಕೊಳ್ಳೋದು, ಭಯ ಪಡ್ಬೇಕಾಗಿರೋದು ಇದಕ್ಕೇನೇ. ಇಂಜಿನ್ ಸೌಂಡ್ ಬಿಗಿಯಾಗತ್ತೆ, ಯಾರೋ ಹಿಂದಿಂದ ಹಿಡ್ಕೊಂಡು ಎಳ್ದಂಗೆ ಸ್ಪೀಡ್ ಇಳಿಯತ್ತೆ, ಆ ಕ್ಷಣದಲ್ಲೇ ಕ್ಲಚ್ ಹಿಡೀಬೇಕು, ಇಲ್ಲಾಂದ್ರೆ ಹಿಂದಿನ ಚಕ್ರ ಲಾಕ್ ಆಗತ್ತೆ. ಹೊಸ ಪಿಸ್ಟನ್ ಇರೋವಾಗ ರೋಡ್ ಟೆಸ್ಟಲ್ಲಿ ಎರಡು ಬೆರಳು ಕ್ಲಚ್ ಮೇಲೇ ಇರ್ಲಿ. ಟೈಟ್ ಬೋರ್ ಕಾರಣ ಇರ್ಬೋದು, ಸ್ಪಾರ್ಕ್ ಟೈಮಿಂಗ್ ತುಂಬಾ ಮುಂದಿರ್ಬೋದು, ಇಲ್ಲಾ ಡೈನಮೋ ಕಡೆ ಆಯಿಲ್ ಸೀಲ್ ಹೋಗಿ ಗಾಳಿ ಎಳೀತಿರ್ಬೋದು. ಗಾಳಿ ಸೇರಿದ್ರೆ ಮಿಕ್ಸ್ಚರ್ ತೆಳ್ಳಗಾಗಿ ಪಿಸ್ಟನ್ ಕಾಯತ್ತೆ. ಕ್ಲಚ್ ಕಡೆ ಸೀಲ್ ಹೋದ್ರೆ ಆ ಕಡೆಯ ಆಯಿಲ್ಲೂ ಇಂಜಿನ್ ಒಳಗೆ ಹೋಗಿ ದಟ್ಟ ಹೊಗೆ ಬರತ್ತೆ.

ಇದೆಲ್ಲ ಸರಿಯಾದ್ಮೇಲೆ ಟ್ಯೂನಿಂಗ್. ಐಡ್ಲಿಂಗ್‌ನಲ್ಲಿ ಇಂಜಿನ್ನಿಗೆ ಲೋಡೇ ಇರಲ್ಲ, ಹಾಗಾಗಿ ಮನೆ ಮುಂದೆ ಕಾರ್ಬ್ಯುರೇಟರ್ ಸ್ಕ್ರೂ ತಿರುಗಿಸಿ ಟ್ಯೂನ್ ಆಯ್ತು ಅನ್ಕೋಬೇಡಿ, ಆ ಸ್ಕ್ರೂ ಕೆಲಸ ಮಾಡೋದು ಥ್ರಾಟಲ್ ಸ್ವಲ್ಪ ತೆಗೆಯೋವರೆಗೆ ಮಾತ್ರ, ನಡುವೆ ಕಾರ್ಬ್ಯುರೇಟರ್ ಒಳಗಿನ ಸೂಜಿ (ನೀಡಲ್), ಪೂರ್ತಿ ತೆಗೆದ್ರೆ ಮೇನ್ ಜೆಟ್. ಮೈಸೂರಲ್ಲಿದ್ರೆ ಚಾಮುಂಡಿ ಬೆಟ್ಟದ ರೋಡ್ ಇದೆ, ಯಾದವಗಿರಿ ಫ್ಯಾಕ್ಟರಿಯಲ್ಲಿ ಹುಟ್ಟಿದ ಗಾಡಿಗೆ ಅದಕ್ಕಿಂತ ಒಳ್ಳೆ ಪರೀಕ್ಷೆ ನನಗೆ ಗೊತ್ತಿಲ್ಲ. ಹೊಸ ಪ್ಲಗ್ ಹಾಕಿ, ಅರ್ಧ ಥ್ರಾಟಲ್‌ನಲ್ಲಿ ಬೆಟ್ಟ ಹತ್ತಿಸಿ, ಅದೇ ಥ್ರಾಟಲ್‌ನಲ್ಲಿ ಇಗ್ನಿಷನ್ ಆಫ್ ಮಾಡಿ ಕ್ಲಚ್ ಹಿಡಿದು ಪಕ್ಕಕ್ಕೆ ನಿಲ್ಲಿಸಿ ಪ್ಲಗ್ ಬಿಚ್ಚಿ. ಕಾಫಿಪುಡಿ ಬಣ್ಣ ಇದ್ರೆ ಸರಿ. ಬೆಳ್ಳಗಿದ್ರೆ ಸೂಜಿಯ ಕ್ಲಿಪ್ ಒಂದು ಗೀರು ಕೆಳಗೆ, ಕಪ್ಪಗೆ ಒದ್ದೆಯಾಗಿದ್ರೆ ಒಂದು ಗೀರು ಮೇಲೆ. ಒಂದ್ಸಲಕ್ಕೆ ಒಂದೇ ಬದಲಾವಣೆ ಮಾಡಿ.

ಇಳಿಯೋವಾಗ ಹುಷಾರು, ನಿಮ್ಮ ಯೆಜ್ಡಿಯಂಥ ಟೂ ಸ್ಟ್ರೋಕಲ್ಲಿ ಆಯಿಲ್ ಬರೋದೇ ಪೆಟ್ರೋಲ್ ಜೊತೆ, ಥ್ರಾಟಲ್ ಮುಚ್ಚಿ ಗೇರಲ್ಲೇ ಇಳಿದ್ರೆ ಪಿಸ್ಟನ್ನಿಗೆ ಸಾಕಷ್ಟು ಆಯಿಲ್ ಸಿಗಲ್ಲ. ಆಗಾಗ ಕ್ಲಚ್ ಹಿಡಿದು ಥ್ರಾಟಲ್ ಕೊಡಿ. ಮೊದಲ 500 ಕಿಲೋಮೀಟರ್ ನಾನು ಲೀಟರಿಗೆ 50 ಎಂಎಲ್ 2ಟಿ ಆಯಿಲ್ ಹಾಕ್ತೀನಿ, ಆಮೇಲೆ 40.