ಮೈನಸ್ 196 ಡಿಗ್ರಿಯ ತಾಯತ

ಕೂಸಿನ ಹೊಕ್ಕುಳ ಬಳ್ಳಿ ಒಣಗಿ ಉದುರಿದರೆ ನಮ್ಮ ಅಜ್ಜಿ ಬಿಸಾಡಲು ಬಿಡುತ್ತಿರಲಿಲ್ಲ. ತಾಯತದೊಳಗೆ ಹಾಕಿಸಿ ಉಡದಾರಕ್ಕೆ ಕಟ್ಟುತ್ತಿದ್ದಳು. ಮುಂದೆ ಜಡ್ಡು-ಜಾಪತ್ರಿ ಬಂದರೆ ಕಾಯುತ್ತದೆ ಅಂತ ನಂಬಿಕೆ. ನಾನು ನಗುತ್ತಿದ್ದೆ. ಕೆಲವು ತಿಂಗಳ ಹಿಂದೆ ಹುಬ್ಬಳ್ಳಿಯಲ್ಲಿ ಅಣ್ಣನ ಮಗಳ ಕುಬಸಕ್ಕೆ (ಸೀಮಂತಕ್ಕೆ) ಹೋದಾಗ ಅದೇ ತಾಯತ ನುಣುಪು ಕಾಗದದ ಮೇಲೆ ಅಚ್ಚಾಗಿ ಬಂದಿತ್ತು.

ಅವಳು ಆಸ್ಪತ್ರೆಯಲ್ಲಿ ತಪಾಸಣೆಗೆ ಕಾಯುತ್ತ ಕೂತಿದ್ದಾಗ ಯಾರೋ ಕೈಗಿಟ್ಟ ಬ್ರೋಷರ್ ಅದು. ಹೊಕ್ಕುಳ ಬಳ್ಳಿಯ ರಕ್ತವನ್ನು ಬ್ಯಾಂಕಿನಲ್ಲಿ ಮೈನಸ್ 196 ಡಿಗ್ರಿ ಚಳಿಯಲ್ಲಿ ಇಡಿಸಿ, ಮಗುವಿಗೆ ಜೀವಮಾನದ ವಿಮೆ ಮಾಡಿಸಿ ಅಂತ. 65 ಸಾವಿರ, ಕಂತಿನಲ್ಲೂ ಕಟ್ಟಬಹುದು. ಹೂ ಮುಡಿದು, ಹಸಿರು ಬಳೆ ತೊಟ್ಟು ಕೂತವಳು ಮೆಲ್ಲಗೆ ಕೇಳಿದಳು: "ಕಾಕಾ, ಇಡಿಸೂದೋ ಬ್ಯಾಡೋ?"

ಬ್ಯಾಡ ಅಂದೆ. ಯಾಕೆ ಅಂತ ಅಲ್ಲಿ ಹೋಳಿಗೆ ಎದುರಿಗಿಟ್ಟುಕೊಂಡು ಹೇಳೋಕಾಗಲಿಲ್ಲ, ಇಲ್ಲಿ ಹೇಳುತ್ತೇನೆ.

ಆ ರಕ್ತದಲ್ಲಿ ಕಾಂಡಕೋಶಗಳು (ಸ್ಟೆಮ್ ಸೆಲ್) ಇರುವುದು ನಿಜ. ಅವು ಹೆಪ್ಪು ಇದ್ದ ಹಾಗೆ. ಒಂದು ಚಮಚ ಹೆಪ್ಪು ಗಡಿಗೆ ಹಾಲನ್ನೆಲ್ಲ ಮೊಸರು ಮಾಡುತ್ತದಲ್ವಾ, ಹಾಗೆ ಈ ಕೋಶಗಳು ರೋಗಿಯ ಮೂಳೆ ಮಜ್ಜೆಯಲ್ಲಿ ನೆಲೆಯೂರಿ ಇಡೀ ರಕ್ತವನ್ನೇ ಹೊಸದಾಗಿ ಹುಟ್ಟಿಸುತ್ತವೆ. ಆದರೆ ನಿಮ್ಮ ಮನೆಯ ಮೊಸರೇ ಕೆಟ್ಟಿದ್ದರೆ? ಅದರದೇ ಹೆಪ್ಪು ಹಾಕಿದರೆ ಮತ್ತೆ ಅದೇ ಕೆಟ್ಟ ಮೊಸರು. ಪಕ್ಕದ ಮನೆಗೆ ಬಟ್ಟಲು ಹಿಡಿದು ಹೋಗಬೇಕು. ರೈತರಿಗೆ ಹೇಳುವುದಾದರೆ ಇನ್ನೂ ಸುಲಭ: ರೋಗ ಬೀಜದೊಳಗೇ ಇದ್ದರೆ ಆ ಬೀಜವನ್ನು ಎಷ್ಟು ಜೋಪಾನ ಮಾಡಿಟ್ಟರೂ ಮುಂದಿನ ಮುಂಗಾರಿಗೆ ಬೆಳೆಯುವುದು ಅದೇ ರೋಗ. ಮೈಯಲ್ಲಿ ರಕ್ತ ಸರಿಯಾಗಿ ಹುಟ್ಟದ ಆನುವಂಶಿಕ ಕಾಯಿಲೆ ಥಲಸ್ಸೇಮಿಯಾ ಅಂಥದ್ದೇ. ಮಗುವಿನ ಬಳ್ಳಿಯ ರಕ್ತದಲ್ಲೂ ಅದೇ ದೋಷವಿರುತ್ತದೆ. ರಕ್ತದ ಕ್ಯಾನ್ಸರ್ ಕತೆ ಇನ್ನೂ ವಿಚಿತ್ರ. ಕೆಲವು ಮಕ್ಕಳಿಗೆ ನಾಲ್ಕೈದು ವರ್ಷಕ್ಕೆ ಲ್ಯುಕೇಮಿಯಾ ಬಂದಾಗ, ಹುಟ್ಟಿದ ಹೊಸತರಲ್ಲಿ ಹಿಮ್ಮಡಿಯಿಂದ ಕಾಗದದ ಮೇಲೆ ತೆಗೆದಿಟ್ಟಿದ್ದ ರಕ್ತದ ಚುಕ್ಕಿಯನ್ನು ವಿಜ್ಞಾನಿಗಳು ಹುಡುಕಿ ನೋಡಿದರು. ಕ್ಯಾನ್ಸರಿನ ಮೊದಲ ಗುರುತು ಅದರಲ್ಲೇ ಇತ್ತು! ಸಾಲದ್ದಕ್ಕೆ ಬೇರೆಯವರ ಕೋಶಗಳಿಗೆ ಅಳಿದುಳಿದ ಕ್ಯಾನ್ಸರನ್ನು ಪರಕೀಯ ಅಂತ ಗುರುತಿಸಿ ಕೊಲ್ಲುವ ಗುಣವಿದೆ. ತನ್ನದೇ ಕೋಶಕ್ಕೆ ಆ ಸಿಟ್ಟು ಬರೋದಿಲ್ಲ.

ಚರಿತ್ರೆ ಕೂಡ ಇದನ್ನೇ ಹೇಳುತ್ತದೆ. ಜಗತ್ತಿನ ಮೊದಲ ಬಳ್ಳಿ ರಕ್ತದ ಕಸಿ ನಡೆದದ್ದು 1988ರಲ್ಲಿ, ಪ್ಯಾರಿಸ್ಸಿನಲ್ಲಿ. ವೈದ್ಯೆ ಎಲಿಯಾನ್ ಗ್ಲುಕ್‌ಮನ್. ರೋಗಿ ಫ್ಯಾಂಕೋನಿ ಅನೀಮಿಯಾ ಎಂಬ, ಮೂಳೆ ಮಜ್ಜೆಯೇ ಸೋಲುವ ಆನುವಂಶಿಕ ಕಾಯಿಲೆ ಇದ್ದ ಅಮೆರಿಕದ ಪುಟ್ಟ ಹುಡುಗ. ರಕ್ತವನ್ನು ಅಮೆರಿಕದಲ್ಲೇ ಅತಿ ಚಳಿಯಲ್ಲಿ ಘನೀಕರಿಸಿ ಸಾಗರ ದಾಟಿಸಿದ್ದರು. ಹುಡುಗ ಉಳಿದ. ಆದರೆ ಆ ರಕ್ತ ಅವನದಲ್ಲ, ಆಗತಾನೆ ಹುಟ್ಟಿದ ತಂಗಿಯದು. ಬ್ರೋಷರಿನಲ್ಲಿ ತಂಗಿ ಕಾಣಲಿಲ್ಲ.

ಇನ್ನು ಅಳತೆ. ಒಂದು ಹೆರಿಗೆಯಲ್ಲಿ ಸಿಗುವ ಹೆಪ್ಪು ಚಿಕ್ಕ ಮಗುವಿಗೇನೋ ಸಾಕು. ಅರವತ್ತು ಕಿಲೋ ತೂಗುವ ದೊಡ್ಡವರಿಗೆ ಬಹಳ ಸಲ ಕಡಿಮೆ ಬೀಳುತ್ತದೆ. ಹಾಗಿದ್ದ ಮೇಲೆ ಜೀವಮಾನದ ವಿಮೆ ಎಲ್ಲಿಂದ ಬಂತು? ಈಗೀಗ ಕಂಪನಿಗಳು "ಕಮ್ಯುನಿಟಿ ಬ್ಯಾಂಕ್" ಅನ್ನುತ್ತಿವೆ, ಸದಸ್ಯರೆಲ್ಲ ಒಬ್ಬರ ರಕ್ತ ಒಬ್ಬರಿಗೆ ಬಳಸಬಹುದಂತೆ. ನಮ್ಮ ಕಡೆ ಊರವರೆಲ್ಲ ನೆಲದೊಳಗಿನ ಹಗೇವಿನಲ್ಲಿ ಜೋಳ ತುಂಬಿಡುತ್ತಿದ್ದ ಹಾಗೆ. ಅಲ್ಲಿಗೆ, ಬೇಕಾಗುವುದು ಬೇರೆಯವರದು ಅಂತ ಅವರೇ ಒಪ್ಪಿದಂತಾಯಿತು! ಆಟಿಸಂ, ಸೆರೆಬ್ರಲ್ ಪಾಲ್ಸಿಗೆ ಮದ್ದು ಅನ್ನುವ ಮಾತೂ ಬ್ರೋಷರಿನಲ್ಲಿತ್ತು. ಅದೆಲ್ಲ ಇನ್ನೂ ಪ್ರಯೋಗದ ಮಾತು. ಮುಂದೆ ತನಗೇ ಬೇಕಾದೀತು ಅಂತ ಖಾಸಗಿಯಾಗಿ ಇಡಿಸುವುದಕ್ಕೆ ವೈಜ್ಞಾನಿಕ ಆಧಾರವಿಲ್ಲ ಅಂತ ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕೂಡ ಹೇಳಿದೆ.

ಒಂದು ಕಡೆ ಮಾತ್ರ ನಾನೂ ಇಡಿಸಿ ಅನ್ನುತ್ತೇನೆ. ಮನೆಯಲ್ಲಿ ಆಗಲೇ ಥಲಸ್ಸೇಮಿಯಾದಂಥ ಕಾಯಿಲೆಯ ಮಗುವಿದ್ದು, ಈಗ ತಮ್ಮನೋ ತಂಗಿಯೋ ಹುಟ್ಟುವುದಿದ್ದರೆ. ಇಬ್ಬರ ಕೋಶಗಳೂ ಒಂದಕ್ಕೊಂದು ಪೂರಾ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅದನ್ನು ರಕ್ತರೋಗದ ವೈದ್ಯರ ಹತ್ತಿರ ಕೇಳಿ, ಬ್ರೋಷರ್ ಹತ್ತಿರ ಅಲ್ಲ.

ನನಗೆ ನಿಜವಾಗಿ ಹೊಟ್ಟೆ ಉರಿಯುವುದು ಬೇರೆ ವಿಷಯಕ್ಕೆ. ಆ ರಕ್ತಕ್ಕೆ ವಾರಸುದಾರ ಆಗಲೇ ಇದ್ದಾನೆ. ಹುಟ್ಟಿದ ಕೂಡಲೇ ಬಳ್ಳಿಯನ್ನು ಎರಡು ಬೆರಳಲ್ಲಿ ಹಿಡಿದರೆ ಟಪ್ ಟಪ್ ಬಡಿಯುತ್ತಿರುತ್ತದೆ. ಮಾಸಿನಲ್ಲಿದ್ದ ರಕ್ತ ಕೂಸಿನ ಮೈಗೆ ಹರಿಯುತ್ತಿರುತ್ತದೆ. ಕೆಲವು ನಿಮಿಷಗಳಲ್ಲಿ ಬಡಿತ ನಿಂತು, ನೀಲಿಯಾಗಿ ಉಬ್ಬಿದ್ದ ಬಳ್ಳಿ ಬೆಳ್ಳಗೆ ಜೋತುಬೀಳುತ್ತದೆ. ಅಷ್ಟರಲ್ಲಿ ಹತ್ತಿರ ಹತ್ತಿರ 80-100 ಎಂಎಲ್ ರಕ್ತ ಒಳಗೆ ಹೋಗಿರುತ್ತದೆ. ಮೂರು ಕಿಲೋ ಕೂಸಿನ ಮೈಯಲ್ಲಿ ಇರುವುದೇ ಸುಮಾರು 240 ಎಂಎಲ್, ಲೆಕ್ಕ ನೀವೇ ಹಾಕಿ. ಆ ರಕ್ತದ ಕಬ್ಬಿಣಾಂಶ ಮುಂದಿನ ತಿಂಗಳುಗಳಿಗೆ ಬುತ್ತಿ. 2019-21ರ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 67 ಮಕ್ಕಳಿಗೆ ರಕ್ತಹೀನತೆ ಕಂಡ ದೇಶ ನಮ್ಮದು. ಬಳ್ಳಿಯನ್ನು ಬೇಗ ಕತ್ತರಿಸುವುದು ಕೂಸಿಗೆ ಕೆಡುಕು ಅಂತ 1801ರಲ್ಲೇ ಎರಾಸ್ಮಸ್ ಡಾರ್ವಿನ್ ಬರೆದಿದ್ದ, ನಮಗೆ ಗೊತ್ತಿರುವ ಡಾರ್ವಿನ್ನನ ಅಜ್ಜ. ಈಗ ವಿಶ್ವ ಆರೋಗ್ಯ ಸಂಸ್ಥೆ ಒಂದು ನಿಮಿಷವಾದರೂ ಕಾಯಿರಿ ಅನ್ನುತ್ತದೆ. ಕಾದಷ್ಟೂ ಬ್ಯಾಂಕಿನ ಚೀಲಕ್ಕೆ ಕಡಿಮೆ.

ಹೆರಿಗೆಯಾಯಿತು. ಹೆಣ್ಣುಮಗು. ಡಾಕ್ಟರಿಗೆ ಮೊದಲೇ ಹೇಳಿದ್ದರಿಂದ ಬಳ್ಳಿ ಬೆಳ್ಳಗಾಗುವ ತನಕ ಕಾದರಂತೆ. ಮೊನ್ನೆ ಆ ಕಂಪನಿಯವನು ಅಳಿಯನಿಗೆ ಮತ್ತೆ ಫೋನ್ ಮಾಡಿದ್ದನಂತೆ. ಹೋಗಲಿ ಬಿಡಿ ಸರ್, ಮುಂದೆ ಹಾಲುಹಲ್ಲು ಬಿದ್ದಾಗ ಅದನ್ನಾದರೂ ಇಡಿಸಬಹುದು ಅಂದನಂತೆ. ಹಾಲುಹಲ್ಲನ್ನು ನಮ್ಮ ಅಜ್ಜಿ ಮಾಳಿಗೆ ಮೇಲೆ ಎಸೆಸುತ್ತಿದ್ದಳು.